ಬೆಂಕಿ ಕಾಣದ ತಮಟೆ

ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿಯಬೇಕು. ಒಣಗಿದ ತೆಂಗಿನ ಗರಿಗಳನ್ನು ಗುಡ್ಡೆ ಹಾಕಿ, ಕಡ್ಡಿ ಗೀರಿ, ಉರಿ ಎದ್ದ ಮೇಲೆ ಚರ್ಮದ ಮುಖವನ್ನು ಅದರೆದುರು ರೊಟ್ಟಿ ಸುಡುವ ಹಾಗೆ ತಿರುಗಿಸುತ್ತಾ ಕಾಯಿಸಬೇಕು. ಚರ್ಮ ಬಿಗಿದಷ್ಟೂ ಸದ್ದು ಚುರುಕಾಗುತ್ತದೆ. ಆರಿದರೆ ಮಂಕಾಗುತ್ತದೆ, ಮತ್ತೆ ಬೆಂಕಿಗೆ ಹಿಡಿಯಬೇಕು. ನಮ್ಮ ಸೀಮೆಯಲ್ಲಿ ಇದು ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ, ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ನಾನು ಬೆಂಕಿ ಕಾಣದ ತಮಟೆಯಿಂದ ಒಂದು ಕ್ಯಾಸೆಟ್ ಮಾಡಿದೆ. ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ಹಿಡಿದು ಹಳ್ಳಿಗಳ ಟೀ ಅಂಗಡಿಯವರೆಗೆ ಅದು ಓಡಿತು. ಕ್ಯಾಸೆಟ್ ಮಾಡಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅದು ಓಡಿದ ಮೇಲೆ ಒಂದು ಸಂಜೆ ನಾನು ಆಡಿದ ಒಂದು ಮಾತು ತಪ್ಪು. ಅದನ್ನು ಬರೆದು ಮುಗಿಸಬೇಕು ಎಂದು ಬಹಳ ವರ್ಷದಿಂದ ಅಂದುಕೊಂಡಿದ್ದೇನೆ.

ಸೌಂಡ್ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಕೆಲವರು ನನ್ನ ಮನೆಗೆ ಬಂದು ಕೂರುತ್ತಾರೆ. ಕಂಪ್ಯೂಟರಿನಲ್ಲಿ ತಮಟೆಯ ಒಂದೊಂದು ಪೆಟ್ಟನ್ನೂ ಬೆಟ್ಟದ ಸಾಲಿನ ಹಾಗೆ ತೋರಿಸುತ್ತಾರೆ. ಪೆಟ್ಟಿನ ತಲೆಯನ್ನು ಚೂಪು ಮಾಡಲು ಒಂದು ಗುಂಡಿ, ಬಾಲವನ್ನು ಕತ್ತರಿಸಲು ಇನ್ನೊಂದು, ದನಿಯನ್ನು ಬೇಕೆಂದೇ ಒಡೆಯಲು ಮತ್ತೊಂದು. "ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಸಾರ್?" ಎನ್ನುತ್ತಾರೆ. ಇತ್ತು. ಗುಂಡಿ ಇರಲಿಲ್ಲ, ಕರಟ ಇತ್ತು, ಗೋಣಿಚೀಲ ಇತ್ತು, ಗಾಜಿನ ಬುರುಡೆ ಉರಿಯುವ ಹಳೆಯ ವಾಲ್ವ್ ಆಂಪ್ಲಿಫೈಯರ್ ಇತ್ತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ತುರುವೇಕೆರೆ ರಸ್ತೆಯಲ್ಲಿ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕಿದ್ದ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕು ಗಟಗಟ ಎನ್ನುತ್ತದೆ. ಪೂರ್ತಿ ಒಣಗಿದ್ದರೆ ಒಂದು ಸದ್ದು, ಹಸಿ ಉಳಿದಿದ್ದರೆ ಒಂದು ಸದ್ದು, ಒಳಗೆ ಕೊಳೆತಿದ್ದರೆ ಇನ್ನೊಂದು. ರಜಾ ದಿನಗಳಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪ ಹೇಳುತ್ತಿದ್ದ: "ಮೊದ್ಲು ಬಡೀತದಲ್ಲ, ಆ ಸದ್ದು ಕೇಳು ಕಣ್ಲಾ. ಆಮೇಲೆ ಬರೋದೆಲ್ಲ ಬರೀ ಗುಂಗು. ಮೊದಲ್ನೇ ಪೆಟ್ಟು ಸುಳ್ಳು ಹೇಳಲ್ಲ."

ಎಸ್ಸೆಸ್ಸೆಲ್ಸಿ ಪಾಸಾಯಿತು. ಮುಂದಕ್ಕೆ ಓದುವ ಮನಸ್ಸಿರಲಿಲ್ಲ. ಅಪ್ಪ ತನಗೆ ಪರಿಚಯವಿದ್ದ ಗೌಸ್ ಸಾಹೇಬರ ಮೈಕ್‌ಸೆಟ್ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟ. ಸಾಹೇಬರು ನನ್ನ ಕೈ ನೋಡಲಿಲ್ಲ, ಮಾರ್ಕ್ಸ್ ಕೇಳಲಿಲ್ಲ. ಟೇಬಲ್ಲಿನ ಮೇಲಿದ್ದ ಲೋಟವನ್ನು ಸ್ಕ್ರೂಡ್ರೈವರಿನಿಂದ ತಟ್ಟಿ, "ಇದು ಸೀಳಿದೆಯಾ ಇಲ್ಲವಾ?" ಎಂದರು. "ಸೀಳಿದೆ" ಎಂದೆ. "ಬೇಟಾ ಇಲ್ಲೇ ಇರ್ಲಿ" ಎಂದು ಅಪ್ಪನಿಗೆ ಹೇಳಿದರು. ಇದು ಎಪ್ಪತ್ತರ ದಶಕದ ಆರಂಭದ ಮಾತು.

ಮೈಕ್‌ಸೆಟ್ ಕೆಲಸವೆಂದರೆ ಮುಕ್ಕಾಲು ಪಾಲು ಮರ ಹತ್ತುವ ಕೆಲಸ. ಹಾರ್ನನ್ನು ತೆಂಗಿನ ಮರದ ಎತ್ತರದಲ್ಲಿ ಕಟ್ಟಿದರೆ ಸುತ್ತಲ ಹಳ್ಳಿಗಳಿಗೆಲ್ಲ ಕೇಳುತ್ತದೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು, ಹಾರ್ನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಿದ್ದೆ. ಒಮ್ಮೆ ಚಿಕ್ಕನಾಯಕನಹಳ್ಳಿಯಲ್ಲಿ ಮರದ ತುದಿಯಲ್ಲಿರುವಾಗಲೇ ಕೆಳಗಿದ್ದ ಪುಣ್ಯಾತ್ಮನೊಬ್ಬ ಸ್ವಿಚ್ ಹಾಕಿ "ಹಲೋ, ಮೈಕ್ ಟೆಸ್ಟಿಂಗ್" ಎಂದುಬಿಟ್ಟ. ಹಾರ್ನಿನ ಬಾಯಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಆ ಎಡಗಿವಿ ಇವತ್ತಿಗೂ ಪೂರಾ ಸರಿಯಿಲ್ಲ. ಹುಡುಗರೇ, ಈ ಕೆಲಸದಲ್ಲಿ ನಿಮ್ಮ ಬಂಡವಾಳ ಕಿವಿ. ಅದನ್ನು ಯಾರ ಕೈಗೂ ಕೊಡಬೇಡಿ.

ಗೌಸ್ ಸಾಹೇಬರಿಂದ ನಾನು ಕಲಿತದ್ದರಲ್ಲಿ ಒಂದು ಪಾಠ ವೈರು, ಸೋಲ್ಡರುಗಳಿಗೆ ಸಂಬಂಧಿಸಿದ್ದಲ್ಲ. ತುರುವೇಕೆರೆಯಲ್ಲಿ ಒಂದು ನಾಟಕ. ರಾಜನ ಪಾತ್ರ ಮಾಡಿದವರು ಒಂದು ಕಾಲದಲ್ಲಿ ಒಳ್ಳೆಯ ಹಾಡುಗಾರರು, ವಯಸ್ಸಾಗಿತ್ತು. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆದುಹೋಯಿತು. ಜನ ನಗಲು ಶುರುಮಾಡಿದರು. ಸಾಹೇಬರು ಎದ್ದವರೇ ಸೀದಾ ರಂಗದ ಮೇಲೆ ಹೋಗಿ ಮೈಕನ್ನು ಬಿಚ್ಚಿ, ಊದಿ, ತಲೆಯಾಡಿಸಿ, "ಮೈಕು ಕೆಟ್ಟೋಗಿದೆ, ಎಲ್ರೂ ಮಾಫ್ ಮಾಡ್ಬೇಕು" ಎಂದು ಕೈಮುಗಿದರು. ಜನ ಅವರಿಗೆ ಶಿಳ್ಳೆ ಹಾಕಿದರು, "ಗುಜರಿಗೆ ಹಾಕಯ್ಯ ನಿನ್ನ ಮೈಕ!" ಎಂದು ಕೂಗಿದರು. ಅಷ್ಟರಲ್ಲಿ ರಾಜರು ನೀರು ಕುಡಿದು, ಒಂದು ಸ್ವರ ಇಳಿಸಿಕೊಂಡು ಹಾಡಿ ಮುಗಿಸಿದರು.

ಸಾಮಾನು ಕಟ್ಟುವಾಗ ನಾನು, "ಮೈಕು ಚೆನ್ನಾಗೇ ಇತ್ತಲ್ಲ ಸಾಹೇಬ್ರೆ?" ಎಂದೆ.

"ಚೆನ್ನಾಗಿತ್ತು."

"ಮತ್ತೆ ಯಾಕೆ ಬೈಸ್ಕೊಂಡ್ರಿ?"

"ಮಿಷಿನ್‌ಗೆ ಮಾನ ಇಲ್ಲ ಬೇಟಾ, ಮನುಷ್ಯಂಗೆ ಐತೆ. ಬೈಗುಳ ಬಂದಾಗ ಮಿಷಿನ್ ಮುಂದಕ್ಕೆ ಇಡ್ಬೇಕು. ಸೌಂಡ್‌ನವನ ಕೆಲ್ಸ ಅದೇ."

ಆಗ ಅದು ದೊಡ್ಡ ಮಾತೆಂದು ಅನ್ನಿಸಲಿಲ್ಲ. ತಲೆಯಾಡಿಸಿ ವೈರು ಸುತ್ತಿದೆ.

ಒಡಕು ದನಿಯ ರುಚಿ ನನಗೆ ಹತ್ತಿದ್ದು ಆಕಸ್ಮಿಕವಾಗಿ. ಒಂದು ಚುನಾವಣೆಯ ಮೆರವಣಿಗೆ. ಜೀಪಿನ ಮುಂದೆ ತಮಟೆಯವರು. ಕೈಲಿದ್ದ ಮೈಕನ್ನು ಅವರ ಹತ್ತಿರ ಹಿಡಿದು ವಾಲ್ಯೂಮನ್ನು ಪೂರ್ತಿ ತಿರುಗಿಸಿಬಿಟ್ಟಿದ್ದೆ. ಆಂಪ್ಲಿಫೈಯರಿಗೆ ತಡೆದುಕೊಳ್ಳಲಾಗಲಿಲ್ಲ. ಪೆಟ್ಟಿನ ಮೇಲ್ತುದಿ ಹರಿದು, ಒಂದೊಂದು ಹೊಡೆತವೂ ತಗಡು ಸೀಳಿದ ಹಾಗೆ ಕೇಳತೊಡಗಿತು. ನಾನು ಬೆದರಿ ತಗ್ಗಿಸಲು ಹೋದರೆ ಕುಣಿಯುತ್ತಿದ್ದ ಹುಡುಗರು, "ಇರ್ಲಿ ಬುಡ್ಲಾ, ಹಂಗೇ ಇರ್ಲಿ!" ಎಂದು ಕೂಗಿದರು.

ಸಾಹೇಬರು ಅಂಗಡಿಯಲ್ಲಿ ಹಿಡಿದುಕೊಂಡು ಬೈದರು. "ಸೌಂಡ್ ಒಡೀತಾ ಇತ್ತಂತೆ? ಕಿವಿ ಐತೋ, ಅದನ್ನೂ ಬಾಡಿಗೆಗೆ ಕೊಟ್ಟಿದ್ದೀಯೋ?"

"ಜನಕ್ಕೆ ಇಷ್ಟ ಆಯ್ತು ಸಾಹೇಬ್ರೆ."

"ಜನಕ್ಕೆ ಮೆಣಸಿನ್ಕಾಯಿ ಬಜ್ಜೀನೂ ಇಷ್ಟ. ಊಟಕ್ಕೆ ಕೂರ್ಸಿ ಬರೀ ಅದನ್ನೇ ಬಡಿಸ್ತೀಯಾ?"

ಬೈಗುಳ ತಿಂದೆ, ಆದರೆ ಆ ಸದ್ದು ತಲೆಯಿಂದ ಹೋಗಲಿಲ್ಲ. ಬಿಡುವಿದ್ದಾಗ ಹಳೆಯ ಆಂಪ್ಲಿಫೈಯರುಗಳನ್ನು ಇಟ್ಟುಕೊಂಡು ಆಡತೊಡಗಿದೆ. ಒಂದರಿಂದ ಬಂದ ಸದ್ದನ್ನು ಇನ್ನೊಂದರ ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ, ಮಂಕು ಸದ್ದಿಗೂ ಹೊಳಪು ಬರುತ್ತದೆ. ಆದರೆ ಒಂದು ಕೊರತೆ. ಹಾಗೆ ಒಡೆದಾಗ ಪೆಟ್ಟಿನ ತಲೆ ಚಪ್ಪಟೆಯಾಗಿ ಬಾಲ ದಪ್ಪವಾಗುತ್ತದೆ. ಎಲ್ಲ ಹೊಡೆತಗಳೂ ಒಂದಕ್ಕೊಂದು ಅಂಟಿಕೊಂಡು ಪಾಯಸವಾಗಿಬಿಡುತ್ತವೆ. ಅಪ್ಪ ಹೇಳಿದ ಮೊದಲನೆಯ ಪೆಟ್ಟೇ ಕಾಣೆ.

ಅದಕ್ಕೆ ಪರಿಹಾರ ತೋರಿಸಿದ್ದು ಗಾಳಿ. ಒಂದು ಆಷಾಢದ ಭಾಷಣದಲ್ಲಿ ಮೈಕಿಗೆ ಗಾಳಿ ಹೊಡೆದು ಬುಸುಗುಡುತ್ತಿತ್ತು. ಅಡುಗೆಯವರ ಹತ್ತಿರ ಬಿದ್ದಿದ್ದ ಒಂದು ಕರಟಕ್ಕೆ ತೂತು ಮಾಡಿ ಮೈಕಿನ ಮೂತಿಗೆ ಮುಚ್ಚಿದೆ. ಗಾಳಿಯೇನೋ ನಿಂತಿತು, ಭಾಷಣಕಾರರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಾಯಿತು. ಜನ ನಕ್ಕರು. ಆದರೆ ಭಾಷಣಕಾರರು ಮಾತಿನ ಮಧ್ಯೆ ಮೇಜು ಕುಟ್ಟಿದಾಗ ಬಂದ 'ಟಕ್' ಇತ್ತಲ್ಲ, ಅದು ಮೊಳೆ ಹೊಡೆದಷ್ಟು ಚೊಕ್ಕವಾಗಿತ್ತು. ನನಗೆ ಬೇಕಾದ ತಲೆ ಸಿಕ್ಕಿತು. ಅಲ್ಲಿಂದ ಮುಂದೆ ತಮಟೆಗೆ ಎರಡು ಮೈಕು. ಕೋಲು ಬೀಳುವ ಜಾಗಕ್ಕೆ ಕರಟ ಮುಚ್ಚಿದ ಮೈಕು, ಅದನ್ನು ಒಡೆಯದೆ ಹಾಗೇ ಬಿಡುವುದು. ಹಿಂಬದಿಗೆ ಇನ್ನೊಂದು, ಅದನ್ನು ಚೆನ್ನಾಗಿ ಒಡೆಯುವುದು. ಎರಡನ್ನೂ ಬೆರೆಸಿದರೆ ತಲೆಯೂ ಉಂಟು, ಮೈಯೂ ಉಂಟು. ಬಾಲ ಜಾಸ್ತಿಯಾಯಿತೆಂದರೆ ಹಿಂದೆ ಗೋಣಿಚೀಲ ಮಡಿಸಿ ಹಿಡಿಯುವುದು. ನೀವು ಈಗ ಗುಂಡಿಯಲ್ಲಿ ಮಾಡುವುದು ಇದನ್ನೇ.

ಕ್ಯಾಸೆಟ್ಟುಗಳ ಕಾಲ ಬಂತು. ಎಂಬತ್ತರ ದಶಕ. ಸಾಹೇಬರು ಮಂಡಿಯ ಬೀದಿಯಲ್ಲಿ ಒಂದು ಕೊಬ್ಬರಿ ಮಳಿಗೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ರೆಕಾರ್ಡಿಂಗ್ ರೂಮು ಮಾಡಿದರು. ಗೋಡೆಗೆ ತೆಂಗಿನ ನಾರಿನ ಚಾಪೆ ಹೊಡೆದೆವು. ಭಜನೆಯವರು, ಸೋಬಾನೆಯವರು, ಹರಿಕಥೆಯವರು ಬಂದು ಹಾಡುತ್ತಿದ್ದರು. ರೂಮಿನ ಪೂರ್ತಿ ಹೊಣೆ ನನ್ನದು. ಮಳಿಗೆಯ ಯಜಮಾನರು ಪರಮೇಶ್ವರಪ್ಪನವರು ಕೊಬ್ಬರಿ ವರ್ತಕರು, ಊರಲ್ಲಿ ದೊಡ್ಡ ಮರ್ಯಾದೆಯವರು. ಅವರದು ಒಂದೇ ಕರಾರು: ಬೀಡಿಯ ಕಿಡಿ ಕೂಡ ಒಳಗೆ ಬರಬಾರದು. ಕೆಳಗೆ ಚೀಲಗಟ್ಟಲೆ ಕೊಬ್ಬರಿ. ಕೊಬ್ಬರಿಗೆ ಬೆಂಕಿ ಬಿದ್ದರೆ ಎಣ್ಣೆಯ ಕೊಪ್ಪರಿಗೆಗೇ ಬಿದ್ದ ಹಾಗೆ. ಮಂಡಿಯ ಬೀದಿಯಲ್ಲಿ ಈ ವಿಷಯಕ್ಕೆ ಮಗನನ್ನೂ ನಂಬುವವರಿರಲಿಲ್ಲ.

ಆ ರೂಮಿಗೆ ಮೂಡ್ಲಗಿರಿಯಪ್ಪ ಬಂದ. ನಾನು ಗಿರಿಯಣ್ಣ ಎನ್ನುತ್ತಿದ್ದೆ. ಬಿಳಿಗೆರೆ ಕಡೆಯವನು, ನನಗಿಂತ ಬಹಳ ಹಿರಿಯ. ತಮಟೆಯಲ್ಲಿ ಅವನಂಥ ಕೈಯನ್ನು ನಾನು ಮತ್ತೆ ಕೇಳಲಿಲ್ಲ. ದಪ್ಪ ಕೋಲಿನಲ್ಲಿ ನಡಿಗೆ ಹೇಳಿ, ಎಡಗೈಯ ಸಣ್ಣ ಕಡ್ಡಿಯಲ್ಲಿ ಮಳೆಹನಿ ಉದುರಿಸುತ್ತಿದ್ದ. ನಾನೇ ಹುಡುಕಿಕೊಂಡು ಹೋಗಿ ಕರೆದಿದ್ದೆ. ಮೊದಲು ಅವನು ಒಪ್ಪಲಿಲ್ಲ.

"ಕ್ಯಾಸೆಟ್ ಮಾಡಿ ಏನಾಗ್ಬೇಕು ಸಾಮಿ?"

"ನಿನ್ನ ಹೆಸ್ರು ಊರೂರಿಗೆ ಹೋಗ್ತದೆ ಗಿರಿಯಣ್ಣ."

ಅವನು ಕೇಳಿದ: "ಮದ್ವೆಗೆ ಕರೀತಾರಾ?"

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಯಾರಾದ್ರೂ ಸತ್ರೆ ನಮ್ಗೆ ಹೇಳಿ ಕಳಿಸ್ತಾರೆ. ಮದ್ವೆ ಆದ್ರೆ ಪೇಟೆಯಿಂದ ಬ್ಯಾಂಡ್‌ಸೆಟ್ ತರಿಸ್ತಾರೆ. ನಮ್ಮಪ್ಪನೂ ಹೆಣದ ಮುಂದೇ ನಡೆದ, ನಾನೂ ಹಂಗೇ. ಒಂದ್ ಸಲ ತಿಪಟೂರು ಪೇಟೇಲಿ ಮದುವಣಿಗನ ಮುಂದೆ ನಡೀಬೇಕು ಸಾಮಿ. ಅಷ್ಟೇ ನಂದು."

"ಕರೀತಾರೆ, ನೋಡ್ತಿರು" ಎಂದೆ. ಸುಲಭವಾಗಿ ಅಂದುಬಿಟ್ಟೆ.

ಮೇಳದವರನ್ನು ಕಟ್ಟಿಕೊಂಡು ಅವನು ಬಂದದ್ದು ಮೋಡದ ದಿನ. ಹಿಂಬಾಗಿಲ ಮೆಟ್ಟಿಲಿನಿಂದ ಹತ್ತಿಸಿ ಎಂದು ಮಳಿಗೆಯವರು ಹೇಳಿದರು. ಹಾಗೆಯೇ ಹತ್ತಿಸಿದೆ. ಯಾಕೆ ಎಂದು ಅವರನ್ನು ಕೇಳಬಹುದಿತ್ತು, ಕೇಳಲಿಲ್ಲ. ರೂಮಿನೊಳಗೆ ಕೂತು ಒಂದು ಸುತ್ತು ಬಾರಿಸಿದರು. ಚರ್ಮ ತಣ್ಣಗಾಗಿ ದಬ್ ದಬ್ ಎಂದಿತು. ಗಿರಿಯಣ್ಣ ನಿಲ್ಲಿಸಿಬಿಟ್ಟ.

"ಬೆಂಕಿ ಬೇಕು ಸಾಮಿ."

"ಇಲ್ಲಿ ಆಗಲ್ಲ ಗಿರಿಯಣ್ಣ. ಕೆಳಗೆ ಕೊಬ್ಬರಿ ಐತೆ."

"ರಸ್ತೆ ಆಚೆ ಕಾಯ್ಸ್ಕೊಂಡು ಓಡ್ಬತ್ತೀವಿ."

ಓಡಿಯೂ ಬಂದರು. ಬೀದಿ ದಾಟಿ, ಮೆಟ್ಟಿಲು ಹತ್ತಿ, ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಮೋಡದ ಗಾಳಿಗೆ ಚರ್ಮ ಮತ್ತೆ ಸಡಿಲ. ಊರಾಚೆ ತೋಪಿನಲ್ಲಿ ಮಾಡೋಣವೆಂದರೆ ಮೆಷೀನುಗಳನ್ನು ಹೊರಬೇಕು, ಕರೆಂಟು ಎಳೆಯಬೇಕು. ನನಗೆ ಸೋಮಾರಿತನ. ಅದಕ್ಕಿಂತ ಹೆಚ್ಚಾಗಿ, ನನ್ನ ವಿದ್ಯೆಯನ್ನು ತೋರಿಸುವ ಚಪಲ.

"ನೀನು ಬಾರಿಸು ಗಿರಿಯಣ್ಣ. ಕರೆಂಟ್‌ನಲ್ಲೇ ಕಾಯಿಸ್ತೀನಿ ನಾನು" ಎಂದೆ.

ಬಾರಿಸಿದರು. ಆಮೇಲೆ ಕೂತು ಎಲ್ಲ ವಿದ್ಯೆಯನ್ನೂ ಅದರ ಮೇಲೆ ಸುರಿದೆ. ಕರಟದ ಮೈಕನ್ನು ಎತ್ತಿದೆ, ಹಿಂಬದಿಯದನ್ನು ಎರಡು ಆಂಪ್ಲಿಫೈಯರುಗಳೊಳಗೆ ಹಾಯಿಸಿ ಒಡೆದೆ. ಚೆನ್ನಾಗಿ ಬಂದ ಒಂದು ಸುತ್ತನ್ನು ಇನ್ನೊಂದು ಟೇಪಿಗೆ ಇಳಿಸಿ, ಬ್ಲೇಡಿನಿಂದ ಕತ್ತರಿಸಿ, ನಡುವೆ ಮತ್ತೊಮ್ಮೆ ಅಂಟಿಸಿದೆ. ತಣ್ಣನೆಯ ತಮಟೆ ಎದ್ದು ನಿಂತಿತು. ಅಷ್ಟು ಸಿಟ್ಟಿನ ತಮಟೆಯನ್ನು ನಮ್ಮ ಸೀಮೆ ಕೇಳಿರಲಿಲ್ಲ.

ಗಿರಿಯಣ್ಣನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದ.

"ಇದು ನಂದಾ?"

"ನಿಂದೇ."

"ಕೈ ನಂದು. ಆದ್ರೆ ನನ್ ತಮಟೆ ಇಷ್ಟು ಕೋಪ ಮಾಡ್ಕಳಲ್ಲ ಸಾಮಿ" ಎಂದು ನಕ್ಕ. ಅವನ ಮೇಳದವರೂ ನಕ್ಕರು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ. ಗೌಸ್ ಸಾಹೇಬರು ಕೇಳಿ, "ಚೆನ್ನಾಗಿ ಮಾಡಿದ್ದೀಯ ಬೇಟಾ" ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಇನ್ಮೇಲೆ ಅವನು ಇದನ್ನ ಎಲ್ಲಿಂದ ತರ್ತಾನೆ?" ಎಂದರು. ಅದಕ್ಕೂ ನಾನು ನಕ್ಕೆ.

ಕ್ಯಾಸೆಟ್ ಓಡಿದ್ದನ್ನು ಮೊದಲೇ ಹೇಳಿದೆ. ಬಸ್ಸಿನಲ್ಲಿ ಡ್ರೈವರುಗಳು ಹಾಕುತ್ತಿದ್ದರು. ಹಾಲ್ಕುರಿಕೆಯ ಒಂದು ಟೀ ಅಂಗಡಿಯಲ್ಲಿ ಅದನ್ನು ಕೇಳುತ್ತಾ ಮುದುಕರೊಬ್ಬರು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದುದನ್ನು ಕಂಡು, ಆ ಖುಷಿಗೆ ಎರಡು ಟೀ ಕುಡಿದಿದ್ದೆ. ಆ ಕಾಲವನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಟೇಪಿನ ವಾಸನೆ, ಕೆಳಗಿನಿಂದ ಬರುವ ಕೊಬ್ಬರಿಯ ವಾಸನೆ, ವಾಲ್ವಿನ ಕೆಂಪು ಬೆಳಕು. ಇನ್ನು ಬರೆಯಬೇಕಾದ್ದು ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ಪರಮೇಶ್ವರಪ್ಪನವರ ಮನೆಯಲ್ಲಿ ಮಗಳ ಮದುವೆ. ಮದುವಣಿಗನ ಕಡೆಯ ಹುಡುಗರು ಕ್ಯಾಸೆಟ್ ಕೇಳಿದ್ದರಂತೆ. ಬ್ಯಾಂಡ್‌ಸೆಟ್ ಬೇಡ, ಆ ತಮಟೆಯವರೇ ಬೇಕು ಎಂದು ಹಟ ಹಿಡಿದರು. ಯಜಮಾನರು ನನಗೆ ಹೇಳಿದರು. ನಾನೇ ಹೋಗಿ ಗಿರಿಯಣ್ಣನಿಗೆ ಸುದ್ದಿ ಮುಟ್ಟಿಸಿದೆ. ಅವನು ಒಳಗೆ ಹೋಗಿ ಹೆಂಡತಿಗೆ ಹೇಳಿ ಬಂದ. ಆಯಮ್ಮ ಬಾಗಿಲಿಗೆ ಬಂದು, "ಇವ್ರಿಗೆ ಒಂದು ಹೊಸ ಅಂಗಿ ಬೇಕಾಯ್ತದೆ ಕಣಪ್ಪ. ಇದ್ರಲ್ಲಿ ಹೋದ್ರೆ ಮದುವಣಿಗ ವಾಪಸ್ ಓಡ್ತಾನೆ" ಎಂದು ನಕ್ಕಳು.

ವರನ ಮೆರವಣಿಗೆ ಸಂಜೆ, ಮಂಡಿಯ ಬೀದಿಯಲ್ಲೇ. ಸೌಂಡ್ ನನ್ನದು, ಮೆಟಡೋರ್ ವ್ಯಾನಿನ ಮೇಲೆ ಹಾರ್ನುಗಳು. ಆಗಷ್ಟೇ ಜಡಿ ಮಳೆ ನಿಂತಿತ್ತು. ಗಿರಿಯಣ್ಣನ ಮೇಳ ಒಂದೇ ಬಣ್ಣದ ಹೊಸ ಅಂಗಿ ಹಾಕಿಕೊಂಡು ಬಂದಿತ್ತು. ಬಸ್ಸಿನ ಮೇಲೆ ಒಣ ಗರಿಯ ಹೊರೆಯನ್ನೂ ತಂದಿದ್ದರು, ಗೋಣಿ ಸುತ್ತಿ, ನೆನೆಯದ ಹಾಗೆ. ಬೀದಿಯ ಅಂಚಿನಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದ್ದೇ ತಡ, ಮಳಿಗೆಗಳ ಕಾವಲಿನವರು ನಾಲ್ಕೂ ಕಡೆಯಿಂದ ಓಡಿ ಬಂದರು. "ಏನ್ರಲಾ, ಬೀದಿ ಸುಡ್ತೀರಾ?" ಎಂದು ಒಬ್ಬ ಕೊಡ ನೀರು ತಂದು ಉರಿಯ ಮೇಲೂ ಉಳಿದ ಗರಿಯ ಮೇಲೂ ಸುರಿದುಬಿಟ್ಟ.

ಗಿರಿಯಣ್ಣ ಮೆಟಡೋರ್ ಹತ್ತಿರ ಬಂದ. "ಯಜಮಾನ್ರಿಗೆ ಒಂದ್ ಮಾತು ಹೇಳಿ ಸಾಮಿ. ಆ ಬಾವಿ ಕಟ್ಟೆ ಹತ್ರ ಒಂದ್ ಗಳಿಗೆ ಬೆಂಕಿಗೆ ಬುಟ್ರೆ ಸಾಕು. ಎಲ್ಲಾ ಸರಿ ಹೋಯ್ತದೆ."

"ಈಗ ಎಲ್ಲಿ ಹೇಳ್ಲಿ, ಮೆರವಣಿಗೆ ಹೊರಟೋಯ್ತು. ಶುರು ಮಾಡು" ಎಂದೆ.

ಶುರು ಮಾಡಿದರು. ನೆನೆದ ಗಾಳಿ, ತಣ್ಣನೆಯ ಚರ್ಮ. ಕೈ ಅದೇ, ನಡಿಗೆ ಅದೇ, ಎಡಗೈಯ ಹನಿಗಳು ಅವೇ. ಆದರೆ ಸದ್ದು ಪಕ್ಕದ ಅಂಗಡಿಗೆ ದಾಟಲಿಲ್ಲ. ಮದುವಣಿಗನ ಗೆಳೆಯರು ಕುಣಿಯಲು ಸೊಂಟಕ್ಕೆ ಟವೆಲ್ ಕಟ್ಟಿಕೊಂಡಿದ್ದವರು ನಿಂತುಬಿಟ್ಟರು.

"ಇದೇನ್ಲಾ ಇದು, ಬೆರಣಿ ತಟ್ಟಿದಂಗೈತೆ?"

"ಕ್ಯಾಸೆಟ್‌ನೋನು ಇವನಲ್ಲ ಬುಡ್ಲಾ. ಯಾವನೋ ಮುದುಕನ್ನ ಹಿಡ್ಕೊಂಡ್ ಬಂದವ್ರೆ."

ಪರಮೇಶ್ವರಪ್ಪನವರು ಬೀಗರ ಪಕ್ಕದಿಂದ ಸರಿದು ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು. "ಏನಯ್ಯಾ ಸದಾಶಿವ, ಆ ಕ್ಯಾಸೆಟ್‌ನಲ್ಲಿರೋನು ಇವನೇನಾ?"

ಗಿರಿಯಣ್ಣ ಮಾರು ದೂರದಲ್ಲಿದ್ದ. ಕೋಲು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಕ್ಯಾಸೆಟ್ಟಿನ ಸದ್ದು ನಾನು ಮೆಷೀನಿನಲ್ಲಿ ಮಾಡಿದ್ದು, ಈ ಮನುಷ್ಯನಿಗೆ ಸ್ವಲ್ಪ ಬೆಂಕಿ ಕೊಡಿ, ಅಷ್ಟೇ. ಅಷ್ಟೂ ಬೇಡ, ಮೈಕ್ ಕೆಟ್ಟಿದೆ ಎಂದಿದ್ದರೂ ಸಾಕಿತ್ತು. ಗೌಸ್ ಸಾಹೇಬರಾಗಿದ್ದರೆ ಅಂದಿರುತ್ತಿದ್ದರು. ಆದರೆ ನನ್ನ ಕೈಚಳಕ ಹೊರಬಿದ್ದರೆ ರೂಮಿನ ಹೆಸರು ಏನಾಗುತ್ತದೆ ಎಂಬ ಭಯ. ಯಜಮಾನರಿಗೆ ಸಿಟ್ಟು ಬಂದರೆ ಮಹಡಿ ಖಾಲಿ ಮಾಡಿಸುತ್ತಾರೆಂಬ ಭಯ.

"ಇವನೇ ಯಜಮಾನ್ರೆ" ಎಂದೆ. "ಇವತ್ತು ಯಾಕೋ ಕೈ ಬರ್ತಿಲ್ಲ ಅವನಿಗೆ."

ಯಜಮಾನರು, "ಹಂಗಾದ್ರೆ ಆ ಕ್ಯಾಸೆಟ್ಟೇ ಹಾಕು. ಇವ್ರು ಮುಂದೆ ಕೈ ಆಡಿಸ್ಕೊಂಡು ನಡೀಲಿ. ಬೀಗರ ಮುಂದೆ ಮಾನ ಕಳೀಬೇಡ" ಎಂದರು.

ಹಾಕಿದೆ. ಹಾರ್ನುಗಳಿಂದ ಆ ಸಿಟ್ಟಿನ ತಮಟೆ ಬೀದಿಯ ಮೇಲೆ ಬಿತ್ತು. ಹುಡುಗರು ಕೇಕೆ ಹಾಕಿ ಕುಣಿದರು. ಗಿರಿಯಣ್ಣ ಮತ್ತು ಅವನ ಮೇಳದವರು ಮದುವಣಿಗನ ಮುಂದೆ ನಡೆದರು. ಕೋಲುಗಳು ಚರ್ಮದವರೆಗೆ ಬರುತ್ತಿದ್ದವು, ಮುಟ್ಟುತ್ತಿರಲಿಲ್ಲ. ಮೆಟಡೋರಿನ ಮೇಲಿನಿಂದ ನನಗೆ ಅವನ ಕೈ ಚೆನ್ನಾಗಿ ಕಾಣುತ್ತಿತ್ತು. ತನ್ನದೇ ಕೈಯನ್ನು ಹಿಂಬಾಲಿಸುತ್ತಾ, ಒಂದು ಹೊಡೆತವನ್ನೂ ಬಿಡದೆ ಗಾಳಿಯಲ್ಲಿ ಬಾರಿಸುತ್ತಿದ್ದ. ಒಂದೇ ಕಡೆ ತಪ್ಪಿದ. ನಾನು ಬ್ಲೇಡಿನಿಂದ ಕತ್ತರಿಸಿ ಮತ್ತೆ ಅಂಟಿಸಿದ ಜಾಗದಲ್ಲಿ. ಅಲ್ಲಿ ಅವನು ಮುಂದಿನ ನಡೆಗೆ ಹೋದ, ಕ್ಯಾಸೆಟ್ ಹಿಂದಿನದಕ್ಕೇ ತಿರುಗಿತು. ಅವನ ಕೋಲು ಮೇಲೆಯೇ ನಿಂತಿತು. ಆ ಸುತ್ತನ್ನು ಅವನು ಯಾವತ್ತೂ ಬಾರಿಸಿರಲಿಲ್ಲ.

ಮೆರವಣಿಗೆ ಮುಗಿದ ಮೇಲೆ ನಾನು ವೈರು ಸುತ್ತುತ್ತಿದ್ದೆ. ಅವನು ಹತ್ತಿರ ಬಂದು ನಿಂತ. "ನನ್ ಕೈ ಬರ್ತಿಲ್ಲ ಅಂದ್ರಿ ಸಾಮಿ" ಎಂದ. ಸಿಟ್ಟಿರಲಿಲ್ಲ. ನಾನು ಹೇಳಿದ್ದು ಅದೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳುವವನ ದನಿ. ನಾನು ವೈರು ಸುತ್ತುತ್ತಲೇ ಇದ್ದೆ. ಅವನು ಹೊರಟುಹೋದ.

ಅಂಗಡಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: "ಮಿಷಿನ್ ಕೆಟ್ಟಿತ್ತಾ?"

"ಇಲ್ಲ ಸಾಹೇಬ್ರೆ."

ಅವರು ಕೈಲಿದ್ದ ಮೈಕಿನ ಸ್ಕ್ರೂ ಬಿಗಿಯತೊಡಗಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಗಿರಿಯಣ್ಣನ ಊರಿಗೆ ಹೋದೆ. ಕ್ಷಮೆ ಕೇಳಲು ಹೊರಟವನು ದಾರಿಯಲ್ಲಿ ಧೈರ್ಯ ಕಳೆದುಕೊಂಡು, ಮನೆ ಮುಟ್ಟುವಷ್ಟರಲ್ಲಿ ಇನ್ನೊಂದು ಕ್ಯಾಸೆಟ್ ಮಾಡೋಣವೆಂಬ ಮಾತನ್ನು ಮುಂದಿಟ್ಟೆ. ಅವನ ಹೆಂಡತಿ ಈ ಸಲ ಬಾಗಿಲಿಗೆ ಬರಲಿಲ್ಲ. ಹೊಸ ಅಂಗಿ ಹೊರಗೆ ತಂತಿಯ ಮೇಲೆ ಒಣಗುತ್ತಿತ್ತು.

"ಬ್ಯಾಡ ಸಾಮಿ" ಎಂದ ಗಿರಿಯಣ್ಣ. "ಮದ್ವೆನೂ ಬ್ಯಾಡ, ಕ್ಯಾಸೆಟ್ಟೂ ಬ್ಯಾಡ. ನಮ್ಗೆ ಸಾವೇ ಸರಿ. ಸತ್ತೋರು ಕ್ಯಾಸೆಟ್ ಕೇಳಿರಲ್ಲ."

ಆಮೇಲೆ ಕೆಲಸವೇನೂ ನಿಲ್ಲಲಿಲ್ಲ. ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಬಂದವು, 'ಎಕೋ' ಮೆಷೀನು ಬಂತು, ಬೆರಳು ಮುಟ್ಟಿದರೆ ಡ್ರಮ್ಮಿನ ಸದ್ದು ಕೊಡುವ ಪೆಟ್ಟಿಗೆಗಳು ಬಂದವು. ನಾನು ಎಲ್ಲವನ್ನೂ ಕಲಿತೆ. ಪೆಟ್ಟನ್ನು ಚೂಪು ಮಾಡುವುದನ್ನೂ ದನಿ ಒಡೆಯುವುದನ್ನೂ ಬಿಡಲಿಲ್ಲ, ಬಿಡಬೇಕೆಂದು ನಿಮಗೂ ಹೇಳುವುದಿಲ್ಲ. ಒಡಕಿಗೂ ಒಂದು ಸೊಗಸಿದೆ. ಆದರೆ ಬಾರಿಸಿದವನನ್ನು ಕೂರಿಸಿಕೊಂಡು, ಏನು ಮಾಡಿದೆ ಎಂದು ಅವನಿಗೆ ಹೇಳಿ. ಯಾರಾದರೂ ಬಂದು ಕೇಳಿದರೆ ಅವರಿಗೂ ಹೇಳಿ. ಇದಕ್ಕಿಂತ ದೊಡ್ಡ ಉಪದೇಶ ನನ್ನ ಹತ್ತಿರ ಇಲ್ಲ.

ಆ ದಶಕದ ಕೊನೆಗೆ ಅಪ್ಪ ತೀರಿಕೊಂಡ. ಬೆಳಿಗ್ಗೆ ಊರಿನ ಹಿರಿಯರು ಯಾರಿಗೆ ಹೇಳಿ ಕಳಿಸಬೇಕೋ ಅವರಿಗೆಲ್ಲ ಹೇಳಿ ಕಳಿಸಿದ್ದರು. ನಮ್ಮೂರಲ್ಲಿ ಬಾರಿಸುವವರು ಉಳಿದಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಬೇಲಿಯಾಚೆ ತಮಟೆ ಹೆಗಲಿಗೆ ಹಾಕಿಕೊಂಡು, ಮೇಳದವರೊಂದಿಗೆ ಬಂದು ನಿಂತವನು ಗಿರಿಯಣ್ಣ. ಯಾರ ಮನೆಯೆಂದು ತಿಳಿದೇ ಬಂದನೋ ತಿಳಿಯದೆ ಬಂದನೋ, ನಾನು ಕೇಳಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ನಿಮ್ಮಪ್ಪಾರಾ?" ಎಂದ. ಹೌದೆಂದೆ. "ಗರಿ ಐತಾ?" ಎಂದ.

ಹಿತ್ತಲಿನಿಂದ ಒಣ ಗರಿ ನಾನೇ ಎಳೆದು ತಂದೆ. ಬೇರೆಯವರು ಬಂದರೂ ಬಿಡಲಿಲ್ಲ. ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಉರಿ ಎದ್ದಿತು. ಗಿರಿಯಣ್ಣ ತನ್ನ ತಮಟೆಯನ್ನು ನನ್ನ ಕೈಗೆ ಕೊಟ್ಟು ಉಳಿದವರದನ್ನು ಕಾಯಿಸತೊಡಗಿದ. ಇಷ್ಟು ವರ್ಷ ತಮಟೆಯ ಸದ್ದನ್ನು ಕುಯ್ದು ಹೊಲಿದವನು ನಾನು, ತಮಟೆಯನ್ನು ಬೆಂಕಿಗೆ ಹಿಡಿದದ್ದು ಅದೇ ಮೊದಲು. ಎಷ್ಟು ಹತ್ತಿರ, ಎಷ್ಟು ಹೊತ್ತು, ಗೊತ್ತಾಗಲಿಲ್ಲ. ಕಿವಿಗೆ ಹಿಡಿದು ಬೆರಳಿನಿಂದ ತಟ್ಟಿದೆ.

"ಕಿವಿಗಲ್ಲ, ಕೆನ್ನೆಗೆ ಮುಟ್ಟಿಸಿ ನೋಡಿ" ಎಂದ ಅವನು. "ಕೆನ್ನೆ ತಡೀದೇ ಹೋದ್ರೆ ತಮಟೆ ತಯಾರಾಯ್ತು ಅಂತ."

ಕೆನ್ನೆಗೆ ಮುಟ್ಟಿಸಿದೆ. ಚುರ್ ಎಂದಿತು. ಅವನು ಬಂದು ಕೋಲಿನಿಂದ ಒಂದೇ ಒಂದು ಪೆಟ್ಟು ಹಾಕಿದ. ಆ ಸದ್ದು ಅಂಗಳ ದಾಟಿ, ತೋಟ ದಾಟಿ ಹೋಯಿತು. ಜಗುಲಿಯ ಮೇಲೆ ಕೂತಿದ್ದವರು ಎದ್ದು ನಿಂತರು. ನಾನು ಕರಟದಲ್ಲೂ ವಾಲ್ವಿನಲ್ಲೂ ಹುಡುಕಿದ್ದ ತಲೆ ಅದು. ಅಪ್ಪ ಒಳಗೆ ಮಲಗಿದ್ದ.

"ಗಿರಿಯಣ್ಣ" ಎಂದೆ. "ಆವತ್ತು ಮಂಡಿ ಬೀದೀಲಿ ನಾನು ಸುಳ್ಳು ಹೇಳ್ದೆ. ನಿನ್ನ ಕೈ ಬರ್ತಾ ಇತ್ತು."

ಅವನು ತಮಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಬೆಂಕಿಯ ಕಡೆ ನೋಡಿದ.

"ಗರಿ ಹಾಕಪ್ಪ" ಎಂದ. "ಉರಿ ಆರ್ತಾ ಐತೆ."

ಹಾಕಿದೆ.